ಲೂಕ 16: ಲೆಕ್ಕ ತಿದ್ದಿದವನಿಗೆ ಶಹಬ್ಬಾಸ್‌ಗಿರಿಯಾ? ಮಕ್ಕಳಿಗೆ ಏನಂತ ಹೇಳಲಿ?

ಭಾನುವಾರದ_ಟೀಚರ್:
ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷದಿಂದ ನಮ್ಮ ಸಭೆಯಲ್ಲಿ ಸಂಡೇ ಸ್ಕೂಲ್ ನಡೆಸ್ತಾ ಇದ್ದೀನಿ. ಕಳೆದುಹೋದ ಕುರಿ, ಮನೆ ಬಿಟ್ಟುಹೋದ ಮಗ, ಒಳ್ಳೆ ಸಮಾರ್ಯದವನು, ಎಲ್ಲ ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಈ ಸಲ ಪಾಠಕ್ಕೆ ಬೈಬಲ್ಲಿನ ಲೂಕನ ಸುವಾರ್ತೆಯ 16ನೇ ಅಧ್ಯಾಯ ಬಂತು, ಸಿಕ್ಕಿಬಿದ್ದೆ.

ಗೊತ್ತಿಲ್ಲದವರಿಗೆ, ಯೇಸು ಹೇಳಿದ ಕಥೆ ಇಷ್ಟು. ಒಬ್ಬ ಸಾಹುಕಾರನ ವ್ಯವಹಾರ ನೋಡಿಕೊಳ್ಳೋ ಪಾರುಪತ್ಯಗಾರ. ಧಣಿಯ ಆಸ್ತಿ ಹಾಳು ಮಾಡ್ತಿದ್ದಾನೆ ಅಂತ ದೂರು ಹೋಗುತ್ತೆ. "ಲೆಕ್ಕ ಒಪ್ಪಿಸು, ಇನ್ನು ನೀನು ಬೇಡ" ಅಂತಾನೆ ಧಣಿ. ಇವನಿಗೆ ಅಗೆಯೋಕೆ ಶಕ್ತಿ ಇಲ್ಲ, ಭಿಕ್ಷೆ ಬೇಡೋಕೆ ನಾಚಿಕೆ. ಧಣಿಯ ಸಾಲಗಾರರನ್ನ ಒಬ್ಬೊಬ್ಬರಾಗಿ ಕರೆಸಿ, ನೂರಳತೆ ಎಣ್ಣೆ ಅಂತಿದ್ದ ಪತ್ರದಲ್ಲಿ ಐವತ್ತು ಅಂತ, ನೂರಳತೆ ಗೋದಿ ಅಂತಿದ್ದದ್ದಕ್ಕೆ ಎಂಬತ್ತು ಅಂತ ಅವರ ಕೈಯಲ್ಲೇ ಬರೆಸ್ತಾನೆ. ಮುಂದೆ ಇವರಾದರೂ ಮನೆಗೆ ಸೇರಿಸಿಕೊಳ್ಳಲಿ ಅಂತ. ಕೊನೆಗೆ ಧಣಿ ಅವನನ್ನ ಹೊಗಳ್ತಾನೆ!

ಎಂಟನೇ ಕ್ಲಾಸಿನ ಹುಡುಗಿ ಕೈ ಎತ್ತಿದಳು. ಅವಳಪ್ಪ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯೋರು. "ಆಂಟಿ, ನಮ್ಮಪ್ಪ ಹೀಗೆ ಮಾಡಿದ್ರೆ ಪೊಲೀಸ್ ಬರ್ತಾರೆ. ಯೇಸು ಯಾಕೆ ಇವನನ್ನ ಜಾಣ ಅಂದ?" ನಾನು "ಅದಕ್ಕೆ ಆತ್ಮಿಕ ಅರ್ಥ ಇದೆ ಪುಟ್ಟಿ" ಅಂತ ಹೇಳಿ ಹತ್ತು ನಿಮಿಷ ಮುಂಚೆನೇ ಮುಗಿಸುವ ಪ್ರಾರ್ಥನೆ ಮಾಡಿಬಿಟ್ಟೆ. ಅವಳು ಕಣ್ಣು ಮುಚ್ಚಲೇ ಇಲ್ಲ, ನನ್ನನ್ನೇ ನೋಡ್ತಿದ್ದಳು.

ಆತ್ಮಿಕ ಅರ್ಥ ಏನು ಅಂತ ನನಗೇ ಗೊತ್ತಿಲ್ಲ. ನೀವೆಲ್ಲ ಇಂಥ ಸಾಮ್ಯಗಳನ್ನ (ಯೇಸು ಹೇಳಿದ ದೃಷ್ಟಾಂತ ಕಥೆಗಳನ್ನ) ಹೇಗೆ ಓದ್ತೀರಿ?

ಕೊಡೆ_ಹಿಡಿದವ:
ಟೀಚರ್, ನಾನೂ ಹಾಗೇ ಪ್ರಾರ್ಥನೆ ಮಾಡಿ ತಪ್ಪಿಸಿಕೊಂಡಿದ್ದೇನೆ. ನಿಮ್ಮೊಬ್ಬರದ್ದೇ ಅಲ್ಲ.

ಕುಡ್ಲದ_ಹುಡುಗ:
ಇದು ನಮ್ಮ ಪೂಜೆಯಲ್ಲೂ ಮೂರು ವರ್ಷಕ್ಕೊಮ್ಮೆ ಬರ್ತದೆ ಮಾರಾಯ್ರೆ, ಕಥೋಲಿಕ ವಾಚನ ಪಟ್ಟಿಯ ಸಿ ವರ್ಷದ 25ನೇ ಭಾನುವಾರ. ನಮ್ಮ ಫಾದರ್ ಆ ದಿನ ಪ್ರಬೋಧನೆಯಲ್ಲಿ ಸೀದಾ 13ನೇ ವಚನಕ್ಕೆ ಹಾರಿದ್ರು, "ದೇವರನ್ನೂ ಹಣವನ್ನೂ ಒಟ್ಟಿಗೆ ಸೇವಿಸಲಿಕ್ಕೆ ಆಗುವುದಿಲ್ಲ" ಅಂತ. ನಡುವಿನದ್ದೆಲ್ಲ ಎಂತ ಆಯ್ತು ಅಂತ ಯಾರಿಗೂ ಗೊತ್ತಿಲ್ಲ.

ಸತ್ಯವಚನ77:
ಇದರಲ್ಲಿ ಗೊಂದಲಕ್ಕೆ ಏನೂ ಇಲ್ಲ. ಧಣಿ = ದೇವರು. ಪಾರುಪತ್ಯಗಾರ = ನಾವು. ಸಾಲ = ಪಾಪ. ಎಣ್ಣೆ = ಪವಿತ್ರಾತ್ಮ. ಗೋದಿ = ದೇವರ ವಾಕ್ಯ. ಪ್ರಾರ್ಥನೆಯಿಂದ ಓದಿದರೆ ಎಲ್ಲ ತಾನಾಗಿ ತೆರೆದುಕೊಳ್ಳುತ್ತೆ.

ಮಂಜು_ಹಾಸನ:
ಹಾಗಾದ್ರೆ ಪವಿತ್ರಾತ್ಮನಲ್ಲಿ ಐವತ್ತು ಪರ್ಸೆಂಟ್ ಡಿಸ್ಕೌಂಟ್, ವಾಕ್ಯದಲ್ಲಿ ಇಪ್ಪತ್ತೇನಾ ಗುರು? 😄

ಸತ್ಯವಚನ77:
ಅಪಹಾಸ್ಯ ಬೇಡ.

ಹಳೇ_ಪುಸ್ತಕದ_ಹುಳು:
ಮಂಜು ತಮಾಷೆಗೆ ಕೇಳಿದ್ದು ನಿಜವಾಗಿಯೂ ಹಳೇ ಜಗಳ. ಪ್ರತಿಯೊಂದಕ್ಕೂ "ಇದು ಅಂದರೆ ಅದು" ಅಂತ ಗಂಟು ಹಾಕೋ ಪದ್ಧತಿ ಕ್ರೈಸ್ತ ಸಭೆಯಲ್ಲಿ (ಚರ್ಚಿನಲ್ಲಿ) ಸಾವಿರ ವರ್ಷಕ್ಕೂ ಹೆಚ್ಚು ನಡೀತು. ಹಳೇ ಕಾಲದ ಸಭೆಯ ದೊಡ್ಡ ಪಂಡಿತ ಸಂತ ಅಗಸ್ಟಿನ್ ಒಳ್ಳೆ ಸಮಾರ್ಯದವನ ಕಥೆ ಬಿಡಿಸಿದ ರೀತಿ ನೋಡಿ: ದಾರಿಯಲ್ಲಿ ಹೊಡೆತ ತಿಂದವನು ಆದಾಮ, ಯೆರೂಸಲೇಮು ಸ್ವರ್ಗ, ಯೆರಿಕೋ ಚಂದ್ರ (ಬೆಳೆದು ಕರಗೋದರಿಂದ ಮರ್ತ್ಯ ಜೀವನದ ಗುರುತು), ಕಳ್ಳರು ಸೈತಾನ ಮತ್ತವನ ದೂತರು, ಸಮಾರ್ಯದವನು ಕ್ರಿಸ್ತ, ಛತ್ರ ಅಂದರೆ ಸಭೆ. ಛತ್ರದ ಯಜಮಾನ ಅಪೊಸ್ತಲ ಪೌಲ! ಯೇಸು ಕಥೆ ಹೇಳುವಾಗ ಪೌಲ ಇನ್ನೂ ಸಭೆಯ ಹತ್ತಿರವೂ ಸುಳಿದಿರಲಿಲ್ಲ.

ಓದೋಕೆ ಚೆಂದ, ಇಲ್ಲ ಅನ್ನಲ್ಲ. ಆದರೆ ಕಥೆ ಕೇಳಿದ ಧರ್ಮಪಂಡಿತನ ಪ್ರಶ್ನೆ "ನನ್ನ ನೆರೆಯವನು ಯಾರು?" ಅಂತ. ಎಲ್ಲವನ್ನೂ ಸಂಕೇತ ಮಾಡಿಬಿಟ್ಟರೆ ಆ ಪ್ರಶ್ನೆಯೇ ಮಾಯ. 1888ರಲ್ಲಿ ಯೂಲಿಷರ್ ಅನ್ನೋ ಜರ್ಮನ್ ಪಂಡಿತ ಇದನ್ನೇ ಹಿಡಿದು ಜಾಡಿಸಿದ. ಅವನ ಪ್ರಕಾರ ಒಂದು ಸಾಮ್ಯಕ್ಕೆ ಒಂದೇ ಮುಖ್ಯ ಮಾತು, ಉಳಿದದ್ದು ಕಥೆಯ ಮೈಕೈ. ಅವನೂ ಸ್ವಲ್ಪ ಅತಿಗೆ ಹೋದ ಅನ್ನಿ.

ಸತ್ಯವಚನ77:
ಅತಿಗೆ ಹೋದ ಅಂತ ನೀವೇ ಒಪ್ಪಿಕೊಂಡ್ರಲ್ಲ. ಬಿತ್ತುವವನ ಸಾಮ್ಯಕ್ಕೆ ಯೇಸುವೇ ಒಂದೊಂದಾಗಿ ಅರ್ಥ ಹೇಳಿದ್ದಾನೆ, ಮಾರ್ಕ 4:14ರಿಂದ ಓದಿ. ಬೀಜ ವಾಕ್ಯ, ಹಕ್ಕಿ ಸೈತಾನ, ಮುಳ್ಳು ಪ್ರಪಂಚದ ಚಿಂತೆ. ಅವನು ಮಾಡಿದ್ದನ್ನ ನಾವು ಮಾಡಿದರೆ ತಪ್ಪಾ?

ಹಳೇ_ಪುಸ್ತಕದ_ಹುಳು:
ಒಳ್ಳೆ ಏಟು ಕೊಟ್ಟಿರಿ, ಒಪ್ಪಿದೆ. ಅಲ್ಲಿ ಜೋಡಿಸೋದು ಸರಿ, ಪಠ್ಯವೇ ಜೋಡಿಸಿದೆ. ಲೂಕ 16ರಲ್ಲಿ ಎಣ್ಣೆ ಪವಿತ್ರಾತ್ಮ ಅಂತ ಯಾರು ಹೇಳಿದ್ರು?

ಧಾರವಾಡ_ಪೇಡೆ:
ಬಿತ್ತಾವ್ನ ಕಥಿ ಬಂತಲ್ಲ, ನಂದೊಂದು ಮಾತು. ನಮ್ಮ ಕಡೆ ಕೂರಿಗಿ ಹೂಡಿ ಬಿತ್ತತೀವಿ, ಕಾಳು ಸಾಲಿನ್ಯಾಗ ಬೀಳತಾವ. ಸಣ್ಣಾಂವ ಇದ್ದಾಗ ಈ ಕಥಿ ಕೇಳಿ ನಮ್ಮಜ್ಜ ನಕ್ಕಿದ್ದ: "ಹಾದಿ ಮ್ಯಾಲ, ಕಲ್ಲಿನ ಮ್ಯಾಲ, ಮುಳ್ಳಿನ್ಯಾಗ ಬೀಜಾ ಚೆಲ್ಲಾಂವ ಎಂಥಾ ಒಕ್ಕಲಿಗನೋ?" ಅಂತ. ಆ ನಗಿಯೊಳಗೇ ಅರ್ಥ ಐತಿ ಅನ್ನೂದು ನನಗ ನಲವತ್ತು ವರ್ಷ ಆದಮ್ಯಾಲ ತಿಳೀತು. ಲೆಕ್ಕಾ ಹಾಕಿ ಒಳ್ಳೆ ನೆಲಕ್ಕಷ್ಟ ಬಿತ್ತಾಂವ ಅಲ್ಲ ಆತ. ಕೈ ಬಿಚ್ಚಿ ಚೆಲ್ಲತಾನ.

ಭಾನುವಾರದ_ಟೀಚರ್:
ಅಣ್ಣಾ, ಇದನ್ನ ನಾನು ಕ್ಲಾಸಲ್ಲಿ ಹೇಳ್ತೀನಿ, ನಿಮ್ಮಜ್ಜನ ಹೆಸರಲ್ಲೇ.

ಮಂಜು_ಹಾಸನ:
ಗ್ಯಾಲಿಲಿಯಲ್ಲಿ ಕೈಯಲ್ಲಿ ಎರಚಿ ಬಿತ್ತೋರು ಅಲ್ವಾ, ನಮ್ಮಲ್ಲಿ ರಾಗಿ ಚೆಲ್ಲಿದ ಹಾಗೆ. ಎರಚುವಾಗ ಒಂದಷ್ಟು ಬದುವಿಗೆ, ದಾರಿಗೆ ಬಿದ್ದೇ ಬೀಳುತ್ತೆ. ಅಜ್ಜ ಕೂರಿಗೆಯವರು, ಅದಕ್ಕೆ ನಕ್ಕಿದ್ದಾರೆ.

ಧಾರವಾಡ_ಪೇಡೆ:
ಹೌದ್ರಿ, ಅದೂ ಖರೆ. ಆದ್ರ ನಮ್ಮಜ್ಜಂದ ನಾ ಬಿಡಂಗಿಲ್ಲ.

ಸಾಸಿವೆ_ಒಗ್ಗರಣೆ:
ವಿಷಯಕ್ಕೆ ಬನ್ನಿ. ಲೂಕ 16ಕ್ಕೆ ನಾನು ಓದಿದ ಒಂದು ವಿವರಣೆ ಹೀಗಿದೆ. ಯೆಹೂದ್ಯರು ತಮ್ಮವರ ಹತ್ತಿರ ಬಡ್ಡಿ ತೆಗೆದುಕೊಳ್ಳೋ ಹಾಗಿಲ್ಲ (ವಿಮೋಚನಕಾಂಡ 22, ಯಾಜಕಕಾಂಡ 25, ಧರ್ಮೋಪದೇಶಕಾಂಡ 23). ಅದಕ್ಕೆ ಸಾಹುಕಾರರು ಬಡ್ಡಿಯನ್ನ ಅಸಲಿನೊಳಗೆ ಸೇರಿಸಿ ಎಣ್ಣೆ, ಗೋದಿ ರೂಪದಲ್ಲಿ ಪತ್ರ ಬರೆಸ್ತಿದ್ರು. ಐವತ್ತು ಕೊಟ್ಟು ನೂರು ಅಂತ ಬರೆಸೋದು. ಪಾರುಪತ್ಯಗಾರ ಹೊಡೆದುಹಾಕಿದ್ದು ಆ ಬಡ್ಡಿಯನ್ನ, ಇಲ್ಲಾ ತನ್ನದೇ ಕಮಿಷನ್ನನ್ನ. ಆಗ ಅವನು ಮಾಡಿದ್ದು ಮೋಸವೇ ಅಲ್ಲ! ಧಣಿಯೂ ಬಾಯಿ ಬಿಡೋ ಹಾಗಿಲ್ಲ, ಬಿಟ್ಟರೆ ಬಡ್ಡಿ ತಿಂದದ್ದು ಬಯಲಾಗುತ್ತೆ.

ಮೀಟರ್_ಬಡ್ಡಿ_ಸಂತ್ರಸ್ತ:
ಇದು ಎರಡು ಸಾವಿರ ವರ್ಷದ ಹಿಂದಿನದ್ದಾ? ಎಪ್ಪತ್ತೈದು ಸಾವಿರ ಕೈಗೆ ಕೊಟ್ಟು ಒಂದು ಲಕ್ಷಕ್ಕೆ ಪ್ರೊನೋಟು ಬರೆಸಿಕೊಂಡವನು ನಮ್ಮ ಬೀದಿಯಲ್ಲೇ ಇದ್ದಾನೆ.

ಹಳೇ_ಪುಸ್ತಕದ_ಹುಳು:
ಆಕರ್ಷಕ ವಾದ, ಆದರೆ ನನಗೆ ಒಂದು ಕಡೆ ಚುಚ್ಚುತ್ತೆ. ಕಮಿಷನ್ ಅನ್ನೋ ಮಾತು ಕಥೆಯಲ್ಲಿ ಎಲ್ಲೂ ಇಲ್ಲ. ಅಲ್ಲದೆ 8ನೇ ವಚನ ಅವನನ್ನ ಹೊಗಳುವಾಗಲೂ "ಅನ್ಯಾಯಗಾರ" ಅಂತಲೇ ಕರೆಯುತ್ತೆ. ನಮಗೆ ಇರಿಸುಮುರಿಸು ಆಗುತ್ತೆ ಅಂತ ಅವನಿಗೆ ಸೋಪು ಹಚ್ಚಿ ತೊಳೆದು ಒಳ್ಳೆಯವನನ್ನಾಗಿ ಮಾಡ್ತಿದ್ದೀವಾ ಅಂತ ಅನುಮಾನ.

ಇನ್ನೊಂದು ನೋಡಿ. ಧಣಿ ಮೆಚ್ಚಿದ್ದು ಅವನು ಜಾಣತನದಿಂದ ನಡೆದುಕೊಂಡದ್ದನ್ನ. ಅಲ್ಲಿ ಗ್ರೀಕ್ ಪದ "ಫ್ರೊನಿಮೊಸ್". ಬಂಡೆ ಮೇಲೆ ಮನೆ ಕಟ್ಟಿದವನಿಗೆ (ಮತ್ತಾಯ 7), "ಸರ್ಪಗಳಂತೆ ಜಾಣರಾಗಿರಿ" ಅನ್ನೋ ಕಡೆ (ಮತ್ತಾಯ 10), ಮದುಮಗನನ್ನ ಕಾಯುವಾಗ ದೀಪಕ್ಕೆ ಎಣ್ಣೆ ತಂದಿದ್ದ ಐದು ಕನ್ಯೆಯರಿಗೆ (ಮತ್ತಾಯ 25), ಎಲ್ಲ ಕಡೆ ಅದೇ ಬಳಗದ ಪದ. ಒಳ್ಳೆಯವನು ಅಂತ ಅದರ ಅರ್ಥ ಅಲ್ಲ. ಕಾಲ ಮಿಂಚೋ ಮುಂಚೆ ಕಣ್ಣು ಬಿಟ್ಟವನು ಅಂತ.

ಪಿಳ್ಳೆನೆವ:
ಯೇಸು ತನ್ನ ಬರುವಿಕೆಯನ್ನ ರಾತ್ರಿ ಕನ್ನ ಹಾಕೋ ಕಳ್ಳನಿಗೆ ಹೋಲಿಸಿದ್ದಾನೆ. ಮತ್ತಾಯ 24:43. ಕಳ್ಳತನ ಮಾಡಿ ಅಂತ ಅರ್ಥವಾ?

ಭಾನುವಾರದ_ಟೀಚರ್:
ಅಯ್ಯೋ ಹೌದಲ್ಲ! ಇದು ಹೊಳೆದೇ ಇರಲಿಲ್ಲ.

ಕುಡ್ಲದ_ಹುಡುಗ:
ಲೂಕ 18ರಲ್ಲಿ ಇನ್ನೊಂದು ಉಂಟು. ದೇವರಿಗೂ ಹೆದರದ, ಜನಕ್ಕೂ ಹೆದರದ ನ್ಯಾಯಾಧಿಪತಿ. ವಿಧವೆಯ ಕಾಟ ತಡೆಯಲಿಕ್ಕೆ ಆಗದೆ ನ್ಯಾಯ ಕೊಡ್ತಾನೆ. "ಅಂಥವನೇ ಕೊಟ್ಟರೆ ದೇವರು ಕೊಡದೆ ಇರ್ತಾರಾ" ಅಂತ ಲೆಕ್ಕ. ಕೆಟ್ಟವನ ಉದಾಹರಣೆ ಕೊಟ್ಟು ಒಳ್ಳೆಯ ಕಡೆಗೆ ದೂಡುವುದು.

ಮೇರಿಯಕ್ಕ_ಶಿವಮೊಗ್ಗ:
ಒಂದು ವಿಷಯ ಹೇಳಲೇಬೇಕು. ಇಲ್ಲಿ ಸುಮಾರು ಜನ "ಯೇಸು ಹೇಳಿದ", "ಯೇಸು ಅಂದ" ಅಂತ ಬರೀತಿದ್ದೀರಿ. ಮನೆ ಯಜಮಾನರಿಗೂ ಹಾಗೆ ಅನ್ನಲ್ಲ ನಾವು. ಕಣ್ಣಿಗೆ ಚುಚ್ಚುತ್ತೆ.

ಸತ್ಯವಚನ77:
ಅಕ್ಕಾ, ನಮ್ಮ ಹಳೇ ಸತ್ಯವೇದದಲ್ಲಿ "ಆತನು ಹೇಳಿದನು" ಅಂತಲೇ ಇರೋದು. ದೇವರಿಗೆ ಏಕವಚನ. "ನೀನೇ ಗತಿ" ಅಂತೀವೇ ಹೊರತು "ತಾವೇ ಗತಿ" ಅನ್ನಲ್ಲ. ನಿಮ್ಮ ಕಥೋಲಿಕ ಭಾಷಾಂತರದಲ್ಲಿ "ಯೇಸು ಹೇಳಿದರು" ಅಂತ ಇದೆ.

ಮಂಜು_ಹಾಸನ:
ಟೀಚರ್ ಮೋಸದ ಬಗ್ಗೆ ಕೇಳಿದ್ರೆ ವ್ಯಾಕರಣಕ್ಕೆ ಬಂದ್ವಿ. ಕನ್ನಡಿಗರು ಸೇರಿದ್ರೆ ಇದೇ ಕಥೆ.

ಮೇರಿಯಕ್ಕ_ಶಿವಮೊಗ್ಗ:
ವ್ಯಾಕರಣ ಅಲ್ಲಪ್ಪ, ಮರ್ಯಾದೆ. ಇರಲಿ ಬಿಡಿ. ನೀವು "ಸಾಮ್ಯ" ಅಂತೀರಿ, ನಮ್ಮಲ್ಲಿ "ಸಾಮತಿ". ಹೆಸರು ಯಾವುದಾದರೂ ತಲೆ ತಿನ್ನೋದು ಒಂದೇ.

ಬೆಡಗಿನ_ಬೆನ್ನುಹತ್ತಿ:
ನಾನು ಕ್ರೈಸ್ತನಲ್ಲ, ಕನ್ನಡ ಪಾಠ ಮಾಡುವವನು. ಮಧ್ಯೆ ಬಾಯಿ ಹಾಕಬಹುದಾ? ಒಗಟಿನ ಹಾಗೆ ಅರ್ಥ ಮುಚ್ಚಿಟ್ಟ ನಮ್ಮ ಬೆಡಗಿನ ವಚನಗಳಿಗೂ ಕನಕದಾಸರ ಮುಂಡಿಗೆಗಳಿಗೂ ಇದೇ ಗತಿ. ವಿದ್ಯಾರ್ಥಿಗಳು ಮೊದಲು ಕೇಳೋದು "ಸರ್, ಕಪ್ಪೆ ಅಂದ್ರೆ ಏನು, ಸರ್ಪ ಅಂದ್ರೆ ಏನು" ಅಂತ. ಪಟ್ಟಿ ಬರೆದುಕೊಂಡು ಪರೀಕ್ಷೆ ಪಾಸಾಗ್ತಾರೆ, ವಚನ ಮಾತ್ರ ಸತ್ತುಹೋಗಿರುತ್ತೆ. ನಾನು ಈಚೆಗೆ ಮಾಡೋದು ಇಷ್ಟೇ: ಪಟ್ಟಿ ಕೊಡೋಕೆ ಮುಂಚೆ, ಇದರಲ್ಲಿ ನಿಮಗೆ ಎಲ್ಲಿ ಎಡವಿದ ಹಾಗಾಯ್ತು ಅಂತ ಕೇಳ್ತೀನಿ. ನಿಮ್ಮ ಆ ಹುಡುಗಿ ಎಡವಿದ ಜಾಗ ಸರಿಯಾಗಿದೆ ಟೀಚರ್. ಅಲ್ಲೇ ಅಗೆಯಿರಿ.

ಸಾಸಿವೆ_ಒಗ್ಗರಣೆ:
ಮೇಷ್ಟ್ರೇ, ಬೆಡಗು ಮುಚ್ಚಿಡೋಕೆ ಇರೋದಲ್ವಾ? ಯೇಸುಸ್ವಾಮಿ ಹೇಳಿದ್ದು ಹೊಲ, ಹಿಟ್ಟು, ಕುರಿ, ಕೂಲಿ. ಎಲ್ಲರಿಗೂ ಅರ್ಥ ಆಗಲಿ ಅಂತ.

ಹಳೇ_ಪುಸ್ತಕದ_ಹುಳು:
ಅಷ್ಟು ಸಲೀಸಲ್ಲ ಒಗ್ಗರಣೆ ಅವರೇ. ಮಾರ್ಕ 4:11-12 ಓದಿ: ಹೊರಗಿನವರಿಗೆ ಎಲ್ಲವೂ ಸಾಮ್ಯಗಳಲ್ಲೇ, ಕಣ್ಣಾರೆ ನೋಡಿದರೂ ಕಾಣಬಾರದು, ಕಿವಿಯಾರೆ ಕೇಳಿದರೂ ತಿಳಿಯಬಾರದು ಅಂತ, ಯೆಶಾಯ 6ನ್ನ ನೆನಪಿಸ್ತಾ. ಮಾರ್ಕನಲ್ಲಿ "ತಿಳಿಯಬಾರದೆಂದು" ಅನ್ನೋ ಧಾಟಿ, ಮತ್ತಾಯ 13:13ರಲ್ಲಿ "ಅವರು ನೋಡಿದರೂ ಕಾಣದವರಾದ್ದರಿಂದ" ಅನ್ನೋ ಧಾಟಿ. ಒಂದು ಪದದ ವ್ಯತ್ಯಾಸ, ಅದರ ಮೇಲೆ ಎಷ್ಟು ಶಾಯಿ ಖರ್ಚಾಗಿದೆಯೋ. ಹೀಬ್ರೂನ "ಮಾಶಾಲ್" ಅನ್ನೋ ಪದದೊಳಗೆ ಗಾದೆ, ಹೋಲಿಕೆ, ಒಗಟು ಎಲ್ಲ ಸೇರುತ್ತೆ. ಮೇಷ್ಟ್ರು ಮುಂಡಿಗೆ ನೆನಪಿಸಿದ್ದು ಸರಿಯಾಗೇ ಇದೆ.

ಸಾಮ್ಯ ಮಾಡೋ ಕೆಲಸ ಏನು ಅಂತ ಗೊತ್ತಾಗಬೇಕಾದ್ರೆ ಎರಡನೆಯ ಸಮುವೇಲ 12 ನೋಡಿ. ರಾಜ ದಾವೀದ ತನ್ನ ಸೈನಿಕ ಊರೀಯನ ಹೆಂಡತಿಯನ್ನ ತೆಗೆದುಕೊಂಡು, ಅವನನ್ನ ಯುದ್ಧದಲ್ಲಿ ಕೊಲ್ಲಿಸಿದಾನೆ. ಪ್ರವಾದಿ ನಾತಾನ ಬಂದು ಬೈಯಲ್ಲ. ಒಂದು ಕಥೆ ಹೇಳ್ತಾನೆ: ಬಡವನ ಹತ್ತಿರ ಒಂದೇ ಒಂದು ಹೆಣ್ಣು ಕುರಿಮರಿ, ಅವನ ತಟ್ಟೆಯಲ್ಲೇ ತಿಂದು ಮಗಳ ಹಾಗೆ ಬೆಳೆದದ್ದು. ಹಿಂಡುಗಟ್ಟಲೆ ಕುರಿ ಇದ್ದ ಸಾಹುಕಾರ ನೆಂಟ ಬಂದಾಗ ಅದನ್ನೇ ಕಿತ್ತುಕೊಂಡು ಅಡುಗೆ ಮಾಡಿಸ್ತಾನೆ. ದಾವೀದ ಕೆಂಡವಾಗಿ "ಅವನು ಸಾಯಬೇಕು" ಅಂತಾನೆ. ಆಗ ನಾತಾನ, "ಆ ಮನುಷ್ಯ ನೀನೇ". ಕುರಿಮರಿಯ ಕಾಲು ಅಂದ್ರೇನು, ತಟ್ಟೆ ಅಂದ್ರೇನು ಅಂತ ದಾವೀದ ಕೇಳಲಿಲ್ಲ. ತೀರ್ಪು ಕೊಡೋಕೆ ಹೋದವನು ತಾನೇ ಸಿಕ್ಕಿಬಿದ್ದ.

ಧಾರವಾಡ_ಪೇಡೆ:
ಲೂಕ 16ರಾಗ ಸಿಕ್ಕಿಬಿದ್ದಾವ್ರು ಯಾರು ಹಂಗಾದ್ರ?

ಪಿಳ್ಳೆನೆವ:
14ನೇ ವಚನ. ಹಣದಾಸೆಯ ಫರಿಸಾಯರು (ಧರ್ಮಶಾಸ್ತ್ರ ಕಟ್ಟುನಿಟ್ಟಾಗಿ ಪಾಲಿಸೋ ಯೆಹೂದ್ಯ ಪಂಗಡ) ಕೇಳಿಸಿಕೊಂಡು ಮೂಗು ಮುರಿದರು. ಅಂದ್ರೆ ಬಿದ್ದದ್ದು ಸರಿಯಾದ ಕಡೆಗೇ.

ಕಾಫಿತೋಟ_ಮೂಡಿಗೆರೆ:
ನನ್ನನ್ನ ಸಿಕ್ಕಿಹಾಕಿಸಿದ್ದು ಮತ್ತಾಯ 20. ಬೆಳಿಗ್ಗೆ ಬಂದ ಕೂಲಿಯವರಿಗೂ ಸಂಜೆ ಐದಕ್ಕೆ ಬಂದವರಿಗೂ ಒಂದೇ ಕೂಲಿ. ಕಾಫಿ ಕುಯ್ಲಿನ ಟೈಮಲ್ಲಿ ಹಾಗೆ ಮಾಡಿದ್ರೆ ಮಾರನೇ ದಿನ ಲೈನ್ ಮನೆಯಿಂದ ಒಬ್ಬರೂ ಐದಕ್ಕೆ ಮುಂಚೆ ಏಳಲ್ಲ ಅಂತ ನಾನು ಬೈಬಲ್ ಸ್ಟಡಿಯಲ್ಲಿ ಜೋರಾಗೇ ವಾದ ಮಾಡಿದ್ದೆ. ನಮ್ಮ ಮನೆಯವರು ಅಲ್ಲೇ, ಎಲ್ಲರೆದುರಿಗೆ, "ಅವರು ಸಂಜೆ ತನಕ ಸಂತೆಬೀದಿಯಲ್ಲಿ ಯಾಕೆ ನಿಂತಿದ್ರು ಅಂತ ಓದಿದ್ರಾ?" ಅಂದರು. ಓದಿರಲಿಲ್ಲ. "ನಮ್ಮನ್ನ ಯಾರೂ ಕೂಲಿಗೆ ಕರೆಯಲಿಲ್ಲ" ಅಂತ ಇದೆ. ಆ ವರ್ಷ ಒಬ್ಬ ವಯಸ್ಸಾದವನನ್ನ ನಾನೇ ಗೇಟಿಂದ ವಾಪಸ್ ಕಳಿಸಿದ್ದೆ, ಕೈ ನಡುಗುತ್ತೆ, ಗಿಡ ಮುರೀತಾನೆ ಅಂತ. ಅದಕ್ಕಿಂತ ಹೆಚ್ಚು ಬರೆಯಲ್ಲ.

ಮೇರಿಯಕ್ಕ_ಶಿವಮೊಗ್ಗ:
🙏

ಆತುರಗಾರ:
"ಸಾಹುಕಾರ ದೇವರ ರಾಜ್ಯ ಸೇರೋದಕ್ಕಿಂತ ಒಂಟೆ ಸೂಜಿಕಣ್ಣಲ್ಲಿ ನುಗ್ಗೋದು ಸುಲಭ" ಅನ್ನೋ ಯೇಸುವಿನ ಮಾತು ಕೂಡ ಹೀಗೇ ಅಲ್ವಾ? ಯೆರೂಸಲೇಮಿನಲ್ಲಿ "ಸೂಜಿಕಣ್ಣು" ಅಂತ ಒಂದು ಚಿಕ್ಕ ಬಾಗಿಲು ಇತ್ತಂತೆ. ಒಂಟೆ ಮೂಟೆ ಇಳಿಸಿ ಮಂಡಿಯೂರಿ ನುಗ್ಗಬೇಕಿತ್ತಂತೆ. ನಮ್ಮ ಅಯ್ಯನವರು ಹೇಳಿದ್ದು.

ಹಳೇ_ಪುಸ್ತಕದ_ಹುಳು:
ಅಂಥ ಬಾಗಿಲಿಗೆ ಯಾವ ಪುರಾವೆಯೂ ಇಲ್ಲ. ಯೇಸುವಿನ ಕಾಲಕ್ಕೆ ಎಷ್ಟೋ ಶತಮಾನ ಆದಮೇಲೆ ಹುಟ್ಟಿಕೊಂಡ ವಿವರಣೆ. ಕೆಲವು ಹಸ್ತಪ್ರತಿಗಳಲ್ಲಿ ಒಂಟೆ ಬದಲು ಹಗ್ಗ ಅಂತ ಓದೋ ಪಾಠವೂ ಇದೆ, ಗ್ರೀಕ್‌ನಲ್ಲಿ ಒಂದಕ್ಷರದ ವ್ಯತ್ಯಾಸ. ಎರಡೂ ಸಾಹುಕಾರರಿಗೆ ಕಿಟಕಿ ತೆಗೆದುಕೊಡೋ ಪ್ರಯತ್ನ. ಶಿಷ್ಯರು ಬೆಚ್ಚಿಬಿದ್ದು "ಹಾಗಾದರೆ ಯಾರಿಗೆ ರಕ್ಷಣೆ?" ಅಂತ ಕೇಳ್ತಾರೆ. ಮಂಡಿಯೂರಿದರೆ ಸಾಕು ಅನ್ನೋದಾಗಿದ್ರೆ ಬೆಚ್ಚೋದು ಯಾಕೆ? ಯೆಹೂದ್ಯರ ಧರ್ಮಗ್ರಂಥವಾದ ಬಾಬಿಲೋನಿನ ತಾಲ್ಮೂದಿನಲ್ಲಿ ಸೂಜಿಕಣ್ಣಲ್ಲಿ ಆನೆ ತೂರಿಸೋ ಮಾತೇ ಇದೆ. ಆಗದ ಕೆಲಸಕ್ಕೆ ಆಡೋ ಮಾತು ಅದು.

ಆತುರಗಾರ:
ಹತ್ತು ವರ್ಷದಿಂದ ಎಲ್ಲರಿಗೂ ಬಾಗಿಲು ತೋರಿಸಿದ್ದೀನಲ್ಲಪ್ಪ!

ಸಾಸಿವೆ_ಒಗ್ಗರಣೆ:
ನನ್ನ ಹೆಸರಿನ ಸಾಮ್ಯವನ್ನ ಯಾರೂ ಎತ್ತಲಿಲ್ಲ: ದೇವರ ರಾಜ್ಯ ಸಾಸಿವೆ ಕಾಳಿನ ಹಾಗೆ, ಬೆಳೆದು ಹಕ್ಕಿಗಳಿಗೆ ಆಸರೆ ಆಗುತ್ತೆ ಅನ್ನೋದು. ಸಾಸಿವೆ ಗಿಡ ಎಷ್ಟು ಬೆಳೆದರೂ ಗಿಡವೇ. ಯೆಹೆಜ್ಕೇಲ 17ರಲ್ಲಿ ದೇವರು ಬೆಟ್ಟದ ತುದಿಯಲ್ಲಿ ದೇವದಾರು ನೆಡ್ತಾರೆ, ಹಕ್ಕಿಗಳೆಲ್ಲ ಅದರ ನೆರಳಲ್ಲಿ ಗೂಡು ಕಟ್ಟುತ್ತವೆ. ಕೇಳುವವರು ದೇವದಾರು ನಿರೀಕ್ಷಿಸ್ತಾ ಕೂತಿದ್ರೆ ಯೇಸುಸ್ವಾಮಿ ಒಗ್ಗರಣೆ ಡಬ್ಬಿಯ ಗಿಡ ತೋರಿಸಿದ್ರು. ನನಗೆ ಅದರಲ್ಲಿ ನಗು ಕಾಣುತ್ತೆ.

ಕುಡ್ಲದ_ಹುಡುಗ:
ಅದರ ಪಕ್ಕದ್ದೇ ಹುಳಿಹಿಟ್ಟಿನದ್ದು, ಮತ್ತಾಯ 13:33. ಪರಲೋಕರಾಜ್ಯ ಹಿಟ್ಟನ್ನೆಲ್ಲ ಉಬ್ಬಿಸುವ ಹುಳಿಯ ಹಾಗೆ ಅಂತ. ಆ ಹೆಂಗಸು ಮೂರು ಸೇರು ಹಿಟ್ಟಿಗೆ ಹುಳಿ ಹಾಕಿದ್ದು ಅಂತ ನಾನು ಎಣಿಸಿದ್ದೆ. ಆ "ಮೂರಳತೆ" ನಮ್ಮ ಲೆಕ್ಕಕ್ಕೆ ಮೂವತ್ತೈದು ಲೀಟರಿಗೂ ಮೇಲೆ, ಊರಿಗೇ ಊಟ ಹಾಕುವಷ್ಟು! ಆದಿಕಾಂಡ 18ರಲ್ಲಿ ಸಾರಾ ಅತಿಥಿಗಳಿಗೆ ನಾದುವುದೂ ಅಷ್ಟೇ ಅಳತೆ. ನಮ್ಮಮ್ಮ ಕ್ರಿಸ್ಮಸ್ಸಿಗೆ ಸಾನ್ನಾ (ಇಡ್ಲಿಯಂಥ ತಿಂಡಿ) ಮಾಡುವಾಗ ಹಿಟ್ಟಿಗೆ ಕಳ್ಳು ಹಾಕಿ ಮುಚ್ಚಿಡ್ತಾರೆ. ಒಂದು ಸಲ ಬೆಳಿಗ್ಗೆ ಎದ್ದು ನೋಡಿದ್ರೆ ಮುಚ್ಚಳ ನೆಲದಲ್ಲಿ, ಹಿಟ್ಟು ಕಟ್ಟೆಯಿಂದ ಇಳಿದು ಬಾಗಿಲ ತನಕ ಹೊರಟಿತ್ತು. ನನಗೆ ಆ ಸಾಮತಿ ಅಂದ್ರೆ ಆ ಬೆಳಿಗ್ಗೆ.

ಮಂಜು_ಹಾಸನ:
ಸಾನ್ನಾಕ್ಕೆ ಕಳ್ಳು ಸಿಗದಿದ್ರೆ ಏನು ಹಾಕೋದು? ಈಸ್ಟ್ ನಡೆಯುತ್ತಾ?

ಕುಡ್ಲದ_ಹುಡುಗ:
ನಡೆಯುತ್ತೆ. ಆದ್ರೆ ಅಮ್ಮನ ಎದುರು ಹೇಳಬೇಡಿ.

ಸತ್ಯವಚನ77:
ಹುಳಿಹಿಟ್ಟು ಬೇರೆ ಎಷ್ಟೋ ಕಡೆ ಕೆಟ್ಟದ್ದಕ್ಕೆ ಗುರುತು. "ಫರಿಸಾಯರ ಹುಳಿಹಿಟ್ಟಿನ ವಿಷಯದಲ್ಲಿ ಎಚ್ಚರ", ಮತ್ತಾಯ 16. ಇಲ್ಲಿ ನೋಡಿದರೆ ಪರಲೋಕರಾಜ್ಯ. ಒಂದೇ ವಸ್ತುವಿಗೆ ಎಲ್ಲ ಕಡೆ ಒಂದೇ ಅರ್ಥ ಇಲ್ಲ ಅಂತ ಒಪ್ಪಿಕೊಳ್ತೀನಿ. ಎಣ್ಣೆ ವಿಷಯ ಇನ್ನೊಮ್ಮೆ ಯೋಚಿಸ್ತೀನಿ. ಬಿಟ್ಟುಕೊಟ್ಟೆ ಅಂತ ಅಲ್ಲ.

ಹಳೇ_ಪುಸ್ತಕದ_ಹುಳು:
ನಾನೂ ಬಿತ್ತುವವನ ವಿಷಯ ಬಿಟ್ಟುಕೊಟ್ಟಿದ್ದೀನಲ್ಲ, ಸಮ ಆಯ್ತು.

ಭಾನುವಾರದ_ಟೀಚರ್ (ಎಂಟು ದಿನದ ನಂತರ):
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಕ್ಲಾಸಾಯ್ತು. ಮೊದಲು ಆ ಹುಡುಗಿಗೆ, "ಹೋದ ವಾರ ನನಗೆ ಉತ್ತರ ಗೊತ್ತಿರಲಿಲ್ಲ, ಅದಕ್ಕೇ ಬೇಗ ಪ್ರಾರ್ಥನೆ ಮಾಡಿದ್ದು" ಅಂತ ಹೇಳಿದೆ. ಮಕ್ಕಳೆಲ್ಲ ಗೊಳ್ಳಂತ ನಕ್ಕರು. ಆಮೇಲೆ ಮೇಷ್ಟ್ರು ಹೇಳಿದ ಹಾಗೆ, ಎಲ್ಲಿ ಎಡವಿದಿರಿ ಅಂತ ಕೇಳಿದೆ. ಕಳ್ಳನ ಹೋಲಿಕೆ ಹೇಳಿದೆ, ಕನ್ನ ಹಾಕೋದನ್ನ ಒಬ್ಬ ಹುಡುಗ ಮಾಡಿ ತೋರಿಸಿದ.

ಆ ಹುಡುಗಿ ಸುಮಾರು ಹೊತ್ತು ಸುಮ್ಮನಿದ್ದು ಕೇಳಿದಳು: "ಆಂಟಿ, ಆ ಸಾಲಗಾರರಿಗೆ ಇವನ ಕೆಲಸ ಹೋಗಿದ್ದು ಗೊತ್ತಿತ್ತಾ?" ನಾನು ಓದಿ ನೋಡಿದೆ, ಗೊತ್ತಿತ್ತು ಅಂತ ಎಲ್ಲೂ ಇಲ್ಲ. "ಹಾಗಾದ್ರೆ ಅವರು ಧಣಿಯೇ ಬಿಟ್ಟುಕೊಟ್ಟ ಅಂದ್ಕೊಂಡು ಊರೆಲ್ಲ ಅವನನ್ನೇ ಹೊಗಳಿರ್ತಾರೆ. ಈಗ ಧಣಿ ಇಲ್ಲ ಅಂದ್ರೆ ಮರ್ಯಾದೆ ಹೋಗುತ್ತೆ. ಧಣಿ ಒಳ್ಳೆಯವನು ಅನ್ನೋದರ ಮೇಲೇ ಇವನು ದುಡ್ಡು ಕಟ್ಟಿದಾನೆ."

ಹಳೇ_ಪುಸ್ತಕದ_ಹುಳು:
ಇದು ಪಂಡಿತರು ಪುಟಗಟ್ಟಲೆ ವಾದಿಸಿದ ಮಾತು. ಎಂಟನೇ ಕ್ಲಾಸಾ?

ಭಾನುವಾರದ_ಟೀಚರ್:
ಎಂಟನೇ ಕ್ಲಾಸೇ. ಮನೆಗೆ ಹೋಗಿ ಅಪ್ಪನಿಗೂ ಹೇಳಿದಳಂತೆ. ಅವರು ಫೋನ್ ಮಾಡಿ, "ಮೇಡಂ, ಧಣಿ ಒಳ್ಳೆಯವನಿರಬಹುದು, ಆಡಿಟರ್ ಒಳ್ಳೆಯವನಿರಲ್ಲ, ಅದನ್ನೂ ಹೇಳಿಕೊಡಿ" ಅಂದರು.

ಮುಂದಿನ ವಾರ ಹತ್ತು ಕನ್ಯೆಯರು. ಜಾಣೆಯರು ಎಣ್ಣೆ ಯಾಕೆ ಹಂಚಿಕೊಳ್ಳಲಿಲ್ಲ, ಅದು ಸ್ವಾರ್ಥ ಅಲ್ವಾ ಅಂತ ಈಗಲೇ ಕೇಳಿ ಕಳಿಸಿದ್ದಾಳೆ. ಶನಿವಾರದೊಳಗೆ ಯಾರಾದರೂ ಏನಾದರೂ ಹೇಳಿ.

ಮಂಜು_ಹಾಸನ:
ಸತ್ಯವಚನ ಅವರೇ, ಎಣ್ಣೆ ಮತ್ತೆ ಬಂತು ನೋಡಿ 😄